ನೀಲಿ ಬ್ಯಾಗು ಹಿಡಿದಿದ್ದ ಸೀಟು

ನಿಮ್ಮ ಕಡೆ ಹೇಗೋ ನನಗೆ ತಿಳಿಯದು. ನಮ್ಮ ಶಿರಾ ಬಸ್ ನಿಲ್ದಾಣದಲ್ಲಿ ಟವೆಲಿಗೆ ಇರುವ ಮರ್ಯಾದೆ ಅದನ್ನು ಹೆಗಲ ಮೇಲೆ ಹೊತ್ತ ಮನುಷ್ಯನಿಗೂ ಇಲ್ಲ. ಮಧುಗಿರಿಯ ಖಾಸಗಿ ಬಸ್ಸು ಬಂದು ನಿಂತಿತೆಂದರೆ ಕಿಟಕಿಯಿಂದ ಟವೆಲು, ಛತ್ರಿ, ಊಟದ ಡಬ್ಬಿಗಳು ಒಳಗೆ ಹಾರಿ ಒಂದೊಂದು ಸೀಟು ಹಿಡಿಯುತ್ತವೆ. ಎಸೆದವರು ನಿಶ್ಚಿಂತೆಯಿಂದ ಟೀ ಅಂಗಡಿಗೆ ನಡೆಯುತ್ತಾರೆ. ಹಾಗೆ ಹಿಡಿದ ಸೀಟಿನಲ್ಲಿ ಇನ್ನೊಬ್ಬರು ಕೂರುವಂತಿಲ್ಲ, ಅದರ ಮೇಲಿನ ವಸ್ತುವನ್ನು ಮುಟ್ಟುವಂತೆಯೂ ಇಲ್ಲ. ಮಧುಗಿರಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ನಾನು ಹನ್ನೊಂದು ವರ್ಷಗಳಿಂದ ಯಾರೂ ಬರೆದಿಡದ ಈ ಕಾನೂನಿಗೆ ತಲೆಬಾಗುತ್ತ ಬಂದವಳು.

ಆ ಬೆಳಿಗ್ಗೆ ನನ್ನ ಮುಂದಿನ ಸೀಟಿನಲ್ಲಿ ಒಂದು ನೀಲಿ ಬ್ಯಾಗು ಕೂತಿತ್ತು. ಕಂಡಕ್ಟರ್ ಬಾಷಣ್ಣ ಅದರ ಹತ್ತಿರ ನಿಂತು, "ಇದ್ಯಾರ್ದು ಮೇಡಂ? ಆಗ್ಲಿಂದ ಇಂಗೇ ಕುಂತೈತೆ" ಎಂದರು.

"ಯಾರೋ ಸೀಟು ಹಿಡಿದಿದ್ದಾರೆ, ಬಿಡಿ ಬಾಷಣ್ಣ. ಬರ್ತಾರೆ."

"ಟೀ ಕುಡ್ಯಕ್ಕೋಗಿ ಅಲ್ಲೇ ಸಂಸಾರ ಹೂಡವ್ರೋ ಏನೋ!" ನಗುತ್ತ ಬಾಗಿಲ ಕಡೆ ಹೋದರು. ನಾನೂ ಛತ್ರಿಯನ್ನು ಸೀಟಿನಲ್ಲಿಟ್ಟು ಕಡಲೆಕಾಯಿ ಕೊಳ್ಳಲು ಇಳಿದೆ. ಪೊಟ್ಟಣ ಕೈಗೆ ಬಂದಿತ್ತಷ್ಟೆ, ಬೆನ್ನ ಹಿಂದೆ ಬಸ್ಸು ಸಿಡಿಯಿತು. ಸದ್ದು ನನಗೆ ನೆನಪಿಲ್ಲ. ಕಡಲೆಕಾಯಿಗಳು ರಸ್ತೆಯ ಮೇಲೆ ತಮ್ಮಷ್ಟಕ್ಕೆ ತಾವೇ ಉರುಳಿ ಹೋಗುತ್ತಿದ್ದುದು ಮಾತ್ರ ದಿನಕ್ಕೆ ಹತ್ತು ಸಲ ಕಣ್ಣ ಮುಂದೆ ಬರುತ್ತದೆ. ಈಗ ಕುಕ್ಕರ್ ಕೂಗಿದರೂ ಗೋಡೆ ಹಿಡಿದು ಕೂತುಬಿಡುತ್ತೇನೆ.

ಯಾರೂ ಸಾಯಲಿಲ್ಲ. ಬಸ್ಸು ತುಂಬಿತ್ತು, ಆದರೆ ಟವೆಲುಗಳಿಂದ. ಯಾವ ಪದ್ಧತಿ ಆ ಬ್ಯಾಗನ್ನು ನಮ್ಮ ಕಣ್ಣೆದುರೇ ಮರೆಮಾಡಿತೋ ಅದೇ ಪದ್ಧತಿ ಅಷ್ಟೂ ಜನರನ್ನು ಟೀ ಅಂಗಡಿಯಲ್ಲಿ ನಿಲ್ಲಿಸಿ ಉಳಿಸಿತು. ಇದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ನನಗಿನ್ನೂ ತಿಳಿದಿಲ್ಲ. ಮೆಟ್ಟಿಲ ಮೇಲಿದ್ದ ಬಾಷಣ್ಣನ ಎಡಗೈ ಸುಟ್ಟಿತು, ಕಿವಿಗಳು ಮಂದವಾದವು.

ಆಮೇಲೆ ಶುರುವಾಯಿತು ಕಾರಣಗಳ ಹುಡುಕಾಟ. ಟೀವಿಯಲ್ಲಿ ಒಬ್ಬರು ಧರ್ಮ ಎಂದರು, ಒಬ್ಬರು ಬಡತನ, ಒಬ್ಬರು ಗಡಿಯಾಚೆಯ ಕೈವಾಡ, ಇನ್ನೊಬ್ಬರು ಮೊಬೈಲು. ಅವರನ್ನು ನಾನು ಹೀಗಳೆಯಲಾರೆ. ಭಯವನ್ನು ಎಲ್ಲಿಯಾದರೂ ಇಳಿಸಿದರೆ ಸಾಕು ಎನ್ನುವವರಿಗೆ ಕಾರಣವೆಂಬುದು ಒಂದು ಜಗುಲಿ. ನಾನೇ ಎಷ್ಟು ಯುದ್ಧಗಳ ಕಾರಣಗಳನ್ನು ಕಪ್ಪುಹಲಗೆಯ ಮೇಲೆ ದೂರದ್ದು, ತಕ್ಷಣದ್ದು ಎಂದು ಭಾಗ ಮಾಡಿ ಹತ್ತು ಅಂಕಕ್ಕೆ ಬರೆಸಿಲ್ಲ! ಬಾಂಬು ಇಟ್ಟವನ ಪಾಪವನ್ನು ನನ್ನ ತಲೆಗೆ ಕಟ್ಟಿಕೊಳ್ಳುವ ಮರುಳು ನನಗಿಲ್ಲ. ಆದರೆ "ಬಿಡಿ ಬಾಷಣ್ಣ" ಎಂಬ ನನ್ನೆರಡು ಮಾತು ಯಾವ ಪಟ್ಟಿಯಲ್ಲೂ ಇರಲಿಲ್ಲ. ಪೊಲೀಸರು ಕೇಳಿದಾಗ, ನಾನು ಕೆಳಗಿಳಿದಿದ್ದೆ, ಏನೂ ಗೊತ್ತಿಲ್ಲ ಎಂದುಬಿಟ್ಟಿದ್ದೆ.

ಚರ್ಚೆ ದೇಶವನ್ನೆಲ್ಲ ಸುತ್ತಿ ಕೊನೆಗೆ ನಿಲ್ದಾಣದ ಹೋಟೆಲಿಗೆ ಬಂದು ಕುಳಿತಿತು. ಒಂದು ಬೆಳಿಗ್ಗೆ ನನ್ನ ಹಿಂದಿನ ಮೇಜಿನಲ್ಲಿ ಇಬ್ಬರ ಮಾತು.

"ಬ್ಯಾಗು ಮಡಗ್ದೋನು ಯಾರಂತ ಕಂಡಕ್ಟರ್‌ಗೆ ಗೊತ್ತಿರಕಿಲ್ವೇನ್ಲಾ? ಯಾಕೆ ನೋಡ್ಲಿಲ್ಲ ಅವ್ನು? ಹೆಸರು ನೋಡ್ಲಾ, ಹೆಸರು!"

"ಲೇ, ಅವ್ನ ಕೈಯೇ ಸುಟ್ಟೋಗೈತಲ್ಲೋ."

"ಅದೇ ಕಣ್ಲಾ ನಾಟ್ಕ."

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಬಸ್ಸಿನ ಮಾಲೀಕರು ಬಾಷಣ್ಣನಿಗೆ ಹೇಳಿದ್ದರಂತೆ. ಪೊಲೀಸರು ಸ್ಟೇಷನ್ನಿಗೆ ಮೂರು ಸಲ ಕರೆಸಿದ್ದರಂತೆ. ಬಾಷಣ್ಣ ಆ ಬ್ಯಾಗಿನ ಬಗ್ಗೆ ಕೇಳಿದ್ದರು ಎಂಬುದನ್ನು ಅವರನ್ನು ಬಿಟ್ಟರೆ ಬಲ್ಲವಳು ಈ ಲೋಕದಲ್ಲಿ ನಾನೊಬ್ಬಳೇ. ತಟ್ಟೆಯ ಇಡ್ಲಿಯನ್ನು ಅರ್ಧಕ್ಕೆ ಬಿಟ್ಟೆದ್ದೆ. ತಿರುಗಿ ಆ ಇಬ್ಬರಿಗೊಂದು ಮಾತು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಅಂದೇ ಸಂಜೆ ಬಾಷಣ್ಣನ ಮನೆ ಹುಡುಕಿಕೊಂಡು ಹೋದೆ. ಓಣಿಯ ಮನೆಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುತ್ತಾರೆ. ಎದುರು ಮನೆಯ ಟೀವಿಯಲ್ಲಿ ಅದೇ ಚರ್ಚೆ ಕೂಗಾಡುತ್ತಿತ್ತು. ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಾಗಿಲಲ್ಲೇ ಕೂತಿದ್ದ ಬಾಷಣ್ಣ ನನ್ನನ್ನು ಕಂಡು ಎದ್ದು ನಿಂತರು. ಅವರ ಹೆಂಡತಿ ಶಾಹಿದಾ ಒಳಗೆ ಕರೆದು ಕುರ್ಚಿ ಹಾಕಿ, ಟೀ ತಂದು ಕೈಗಿತ್ತರು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತನ್ನು ನಾನು ತಲೆ ತಗ್ಗಿಸಿ ಮೆಲ್ಲಗೆ ಹೇಳಿದೆ.

"ಜೋರಾಗಿ ಹೇಳಿ ಮೇಡಂ, ಈ ಕಿವಿ ಸತ್ತೋಗೈತೆ" ಎಂದರು ಬಾಷಣ್ಣ.

ನೋಡಿ, ಪಿಸುಮಾತಿನಲ್ಲಿ ತಪ್ಪೊಪ್ಪಿಕೊಳ್ಳುವ ಸೌಕರ್ಯ ಕೂಡ ನನಗೆ ದಕ್ಕಲಿಲ್ಲ. ದನಿ ಏರಿಸಿದೆ: "ನೀವು ಬ್ಯಾಗು ಯಾರದ್ದು ಅಂತ ಕೇಳಿದ್ರಿ. ಬಿಡಿ ಅಂದೋಳು ನಾನು."

ಶಾಹಿದಾ ಗಂಡನ ಕಡೆ ತಿರುಗಿದರು. "ಅಲ್ಲಾ ರೀ, ಊರೆಲ್ಲ ಬಾಯಿಗ್ ಬಂದಂಗೆ ಅಂತಿದ್ರೂ ಇದನ್ನ ನಂಗೂ ಹೇಳ್ಲಿಲ್ವಲ್ಲ!"

"ಹೇಳಿದ್ರೆ ಮೇಡಮ್ಮೋರನ್ನೂ ಸ್ಟೇಷನ್‌ಗೆ ಅಲೆದಾಡುಸ್ತಾರೆ. ಸೀಟ್ ಮ್ಯಾಲಿನ್ ಬ್ಯಾಗ್ ನಾನಾದ್ರೂ ಮುಟ್ತಿದ್ನಾ? ಮುಟ್ಟಿ ಎಷ್ಟು ಸಲ ಬೈಸ್ಕೊಂಡಿಲ್ಲ."

"ನಾಳೆ ನಾನೇ ಸ್ಟೇಷನ್ನಿಗೆ ಹೋಗಿ ಹೇಳ್ತೀನಿ" ಎಂದೆ.

ಶಾಹಿದಾ ಟೀ ಲೋಟವನ್ನು ಮೆಲ್ಲಗೆ ಬಿಡಿಸಿಕೊಂಡು ನನ್ನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡರು. ಆಮೇಲೆ ಅರೆತೆರೆದ ಬಾಗಿಲನ್ನು ಕಾಲಿನಿಂದ ಪೂರ್ತಿ ತಳ್ಳಿ, "ಸ್ಟೇಷನ್ ನಾಳೆ ಆಯ್ತು. ಇವತ್ತು ಇನ್ನೊಂದ್ಸಲ ಹೇಳಿ ಮೇಡಂ, ಓಣಿಗೂ ಕೇಳ್ಲಿ" ಎಂದರು.

ನಾನು ಎದ್ದು ಹೊಸ್ತಿಲಿಗೆ ಬಂದು ಮತ್ತೆ ಹೇಳಿದೆ. ಎದುರು ಮನೆಯಲ್ಲಿ ಯಾರೋ ಟೀವಿಯ ಸದ್ದು ತಗ್ಗಿಸಿದರು.