ಕರಿ ವಾಯರು ಮೊದಲು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಚಳಿಗಾಲದಲ್ಲಿ ನಾನು ಮಾಡಿದ ತಪ್ಪಿನಲ್ಲಿ ಅರ್ಧ ಪಾಲು ಅದರದೇ. ಉಳಿದರ್ಧ ಪ್ರೀತಿಯದು ಅಂತ ನಾನು ನಂಬಿದ್ದೇನೆ. ಬೇರೆಯವರು ಏನಾದರೂ ಅಂದುಕೊಳ್ಳಲಿ.

ಇವರದೊಂದು ಮೋಟರ್‌ಸೈಕಲ್ ಇತ್ತು. ಇವರು ಅಂದರೆ ನನ್ನ ಗಂಡ. ಇಷ್ಟು ವರ್ಷ ಸಂಸಾರ ಮಾಡಿದರೂ ಹೆಸರು ಹಿಡಿದು ಕರೆದವಳಲ್ಲ, ಈಗ ಬರೆಯಲು ಕೂತರೂ ಕೈ ಬರುವುದಿಲ್ಲ. ಹುಬ್ಬಳ್ಳಿಯವರು. ಈ ಹಿಮದ ದೇಶಕ್ಕೆ ಬಂದ ಮೇಲೆ, ವಾನ್ ಎಂಬ ಊರಿನ ಒಂದು ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟ್ ಗಾಡಿಗಳ ರಿಪೇರಿ ಕೆಲಸ. ರೆಕ್ಸ್‌ಡೇಲ್‌ನ ನಮ್ಮ ಮನೆಯಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮೋಟರ್‌ಸೈಕಲ್ ಮೇಲೆಯೇ ಶಿಫ್ಟಿಗೆ ಹೋಗುತ್ತಿದ್ದರು. ಮಳೆ ಬಂದರೆ ನೆನೆದು ಬರುತ್ತಿದ್ದರು, ನಾನು ಬಾಗಿಲಲ್ಲಿ ಟವೆಲ್ ಹಿಡಿದು ನಿಂತು ಬೈಯುತ್ತಿದ್ದೆ.

ಪ್ರತಿ ವರ್ಷ ಆಯುಧಪೂಜೆಗೆ ಗಾಡಿಯನ್ನು ಡ್ರೈವ್‌ವೇಗೆ ತಂದು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆವು. ಬೂದುಗುಂಬಳ ಸಿಗದ ವರ್ಷ, ಹ್ಯಾಲೋವೀನ್ ಹಬ್ಬಕ್ಕೆಂದು ಅಂಗಡಿಗಳ ಮುಂದೆ ರಾಶಿ ಹಾಕಿರುತ್ತಾರಲ್ಲ, ಆ ಕಿತ್ತಳೆ ಬಣ್ಣದ ಕುಂಬಳಕಾಯಿಯನ್ನೇ ಒಡೆಯುತ್ತಿದ್ದೆವು. ನಿಂಬೆಹಣ್ಣು ಚಪ್ಪಟೆಯಾಗಿ ಗಾಡಿ ಒಂದು ಸುತ್ತು ಹೋಗಿ ಬಂದರೆ ಆ ವರ್ಷದ ಸವಾರಿ ಮುಗಿಯಿತು. ಮುಂದಿನ ಭಾನುವಾರ ಇವರು ಗರಾಜಿನಲ್ಲಿ ಸ್ಟೂಲ್ ಹಾಕಿಕೊಂಡು ಬ್ಯಾಟರಿ ಬಿಚ್ಚುತ್ತಿದ್ದರು. ಅದನ್ನು ಬೇಸ್‌ಮೆಂಟಿಗೆ ಒಯ್ದು ಹಲಗೆಯ ಮೇಲಿಟ್ಟು, ಅಂಗೈಯಗಲದ ಒಂದು ಚಾರ್ಜರಿಗೆ ಸಿಗಿಸಿದರೆ, ಯುಗಾದಿ ಕಳೆದು, ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ತೊಳೆದುಹೋಗುವಂಥ ಮಳೆ ಬರುವ ತನಕ ಅದು ಅಲ್ಲೇ.

ನಾನು ಯಾವತ್ತೂ ಹತ್ತಿರ ಕೂತು ನೋಡಿದವಳಲ್ಲ. ಚಹಾ ಕೊಟ್ಟು ಬರುತ್ತಿದ್ದೆ, ಅಷ್ಟೇ.

"ನನಗಿಂತ ಅದಕ್ಕ ಉಪಚಾರ ಜಾಸ್ತಿ ನಡದೈತಿ" ಅಂದರೆ, "ನೀ ಚಳಿಯಾಗ ಒಂದ ಕಪ್ ಚಹಾಕ್ಕ ಚಾಲೂ ಆಗ್ತಿ. ಅದು ಆಗಬೇಕಲ್ಲ?" ಅನ್ನುತ್ತಿದ್ದರು.

ಆ ವರ್ಷ ಪೂಜೆಯಾದ ಮೂರನೇ ದಿನ, ಕೆಲಸದ ಜಾಗದಲ್ಲೇ ಇವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಉಳಿದದ್ದು "ಆ" ಎಂಬ ಒಂದೇ ಸ್ವರ. ಹಸಿವಾದರೂ ಆ, ನೋವಾದರೂ ಆ. ಅಯ್ಯೋ ಶಿವನೇ, ಎಷ್ಟು ಮಾತಾಡುತ್ತಿದ್ದ ಮನುಷ್ಯ!

ಮಗಳು ಡೌನ್‌ಟೌನಿನಲ್ಲಿರುತ್ತಾಳೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಭುಜ ಹಿಡಿದು, ಮೆಲ್ಲಗೆ ಅಂದಳು: "ಅಮ್ಮಾ, ಜಸ್ಟ್ ಸೆಲ್ ದ ಬೈಕ್. ಹೀ ಕಾಂಟ್ ರೈಡ್ ಎನಿಮೋರ್."

ಮೈಯೆಲ್ಲ ಉರಿದುಹೋಯಿತು. "ಬಾಯಿ ಮುಚ್ಚು. ಏಪ್ರಿಲ್‌ನಾಗ ನಿಮ್ಮಪ್ಪ ಅದರ ಮ್ಯಾಲ ಕೂಡ್ತಾರ" ಅಂದೆ. ನರ್ಸ್ ತಿರುಗಿ ನೋಡುವಷ್ಟು ಜೋರಾಗಿ ಅಂದೆ. ಅಂದ ಮೇಲೆ ಅದು ನನಗೆ ಹರಕೆಯ ಹಾಗೆ ಆಗಿಬಿಟ್ಟಿತು. ಮಳೆ ಬಂದು ರಸ್ತೆಯ ಉಪ್ಪು ತೊಳೆದ ದಿನ ಗಾಡಿ ಚಾಲೂ ಆದರೆ ಇವರು ಹತ್ತುತ್ತಾರೆ. ಗಾಡಿ ಸತ್ತರೆ ಇವರು ಏಳುವುದಿಲ್ಲ. ಹೀಗೆ ನನ್ನ ತಲೆಯೊಳಗೆ ಒಂದು ಗಂಟು ಬಿದ್ದಿತು. ಯಾರಿಗೂ ಹೇಳಲಿಲ್ಲ.

ಬ್ಯಾಟರಿ ಬಿಚ್ಚುವವರು ಇರಲಿಲ್ಲ. ನನಗೂ ಬಿಚ್ಚುವ ಮನಸ್ಸಾಗಲಿಲ್ಲ, ಯಾಕೆಂದರೆ ಟ್ಯಾಂಕಿನ ಮೇಲೆ ಪೂಜೆಯ ಕುಂಕುಮ ಹಾಗೇ ಇತ್ತು. ಪೂಜೆಯಾದ ಗಾಡಿಯ ಹೊಟ್ಟೆಗೆ ಹೆಂಗಸು ಪಾನ, ಅಂದರೆ ಸ್ಪ್ಯಾನರ್, ಹಾಕುವುದೇ ಅನ್ನಿಸಿತು. ನಾನು ಕೆಲಸಕ್ಕೆ ಹೋಗುವ ಕಡೆ ಪ್ಯಾಕಿಂಗ್ ಲೈನಿನಲ್ಲಿ ನನ್ನ ಪಕ್ಕ ನಿಲ್ಲುವ ಬೆಳಗಾವಿಯ ಗೆಳತಿಯನ್ನು ಕೇಳಿದೆ.

"ಅಯ್ಯ, ನಮ್ಮೂರಾಗ ಯಾರ ಬ್ಯಾಟ್ರಿ ಬಿಚ್ಚತಾರ?" ಅಂದಳು ಆಕೆ. "ಮನ್ಯಾಗ ನಿಂತ ಗಾಡಿ ವಾರಕ್ಕೊಮ್ಮೆ ಚಾಲೂ ಮಾಡಿ ಐದ ಮಿನಿಟ ಬಿಟ್ರ ಮುಗೀತು. ನಮ್ಮಪ್ಪ ಹಂಗ ಮಾಡ್ತಿದ್ದ."

ಹೌದಲ್ಲ, ನಮ್ಮ ಮಾವನವರೂ ಹಾಗೇ ಮಾಡುತ್ತಿದ್ದರು. ಆ ಗಾಡಿಗಳಿಗೆ ಕಿಕ್ ಇತ್ತು, ಒದ್ದರೆ ಎದ್ದೇಳುತ್ತಿದ್ದವು, ಹುಬ್ಬಳ್ಳಿಯಲ್ಲಿ ಹಿಮ ಬೀಳುವುದಿಲ್ಲ ಎಂಬುದೊಂದೂ ನನಗೆ ಹೊಳೆಯಲಿಲ್ಲ. ಅಲ್ಲಿಂದ ಪ್ರತಿ ಶುಕ್ರವಾರ ಸಂಜೆ ದೇವರಿಗೆ ದೀಪ ಹಚ್ಚಿ, ಗರಾಜಿಗೆ ಹೋಗಿ, ಹೊಗೆ ತುಂಬಬಾರದೆಂದು ದೊಡ್ಡ ಬಾಗಿಲು ಎತ್ತಿ, ಚಾವಿ ತಿರುಗಿಸಿ ಗುಂಡಿ ಒತ್ತುತ್ತಿದ್ದೆ. ಎಂಜಿನ್ ಹೊಡೆದುಕೊಳ್ಳುವ ಸದ್ದು ಕೇಳಿದರೆ ಜೀವಕ್ಕೆ ತಂಪು. ಸೀಟು ಎತ್ತಿ ಬ್ಯಾಟರಿಗೂ ಒದ್ದೆ ಕುಂಕುಮದ ಬೊಟ್ಟು ಇಟ್ಟೆ. ಐದು ನಿಮಿಷ ಬಿಟ್ಟು ಆರಿಸಿ ಬರುತ್ತಿದ್ದೆ.

ಡಿಸೆಂಬರಿನಲ್ಲಿ ಇವರನ್ನು ಮನೆಗೆ ಕರೆತಂದೆವು. ಗರಾಜಿಗೆ ಅಂಟಿಕೊಂಡಿರುವ ಮುಂದಿನ ಕೋಣೆಯಲ್ಲಿ ಹಾಸಿಗೆ, ಗಾಲಿಕುರ್ಚಿ. ಮೊದಲ ಶುಕ್ರವಾರ ನಾನು ಗಾಡಿ ಚಾಲೂ ಮಾಡಿ ಒಳಗೆ ಬರುವಷ್ಟರಲ್ಲಿ ಇವರು ಎಡಗೈಯಿಂದ ಟೇಬಲ್ ಬಡಿಯುತ್ತಿದ್ದರು. "ಆ! ಆ!" ಮುಖ ಕೆಂಪಗಾಗಿತ್ತು, ಕಣ್ಣಲ್ಲಿ ನೀರು.

"ಕೇಳಿಸ್ತೇನ್ರಿ? ನಿಮ್ಮ ಗಾಡಿನ!" ಅಂದು ನಾನೂ ಅತ್ತೆ. ಅವರಿಗೆ ಅಷ್ಟು ಖುಷಿಯಾದದ್ದು ನೋಡಿ ಮುಂದಿನ ವಾರ ಹತ್ತು ನಿಮಿಷ ಬಿಟ್ಟೆ. ಮತ್ತೆ ಬಡಿದರು. ಕೈ, ಮಾತು ಪಳಗಿಸಲು ಮನೆಗೆ ಬರುತ್ತಿದ್ದ ಥೆರಪಿಯವಳು ಕೊಟ್ಟಿದ್ದ ಚಿತ್ರದ ಹಲಗೆಯಲ್ಲಿ 'ಬೇಡ' ಅನ್ನುವ ಚಿತ್ರದ ಮೇಲೆ ಬೆರಳಿಟ್ಟು ಕುಟ್ಟಿದರು. ಉಪ್ಪಿಟ್ಟು ಬೇಡವೇನೋ ಎಂದು ನಾನು ಮುಂದಿದ್ದ ತಟ್ಟೆ ತೆಗೆದು ಶಾವಿಗೆ ಮಾಡಿ ತಂದೆ. ಅದನ್ನೂ ದೂರ ಸರಿಸಿದರು. ರುಚಿ ಕೆಟ್ಟಿದೆ ಪಾಪ, ಅಂದುಕೊಂಡೆ.

ಜನವರಿಯಲ್ಲಿ ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುವಂಥ ಒಂದು ಶುಕ್ರವಾರ ಬಂತು. ಗುಂಡಿ ಒತ್ತಿದರೆ ಗಾಡಿ ನರಳಿತು. ಇನ್ನೊಮ್ಮೆ ಒತ್ತಿದೆ. ಟಕ್ ಅಂದಿತು. ಮೂರನೇ ಸಲ ಆ ಸದ್ದೂ ಇಲ್ಲ. ಗರಾಜಿನ ಹೊಸ್ತಿಲ ಮೇಲೆ ಕೂತೆ. ಅಳು ಬರಲಿಲ್ಲ, ಸಿಟ್ಟು ಬಂತು. ದಡದಡ ಒಳಗೆ ಹೋಗಿ ಆ ಸಿಟ್ಟನ್ನು ಇವರ ಮೇಲೆ ಸುರಿದೆ.

"ನಿಮ್ಮ ಗಾಡೀನೂ ನಿಮ್ಮಂಗ ಕುಂತುಬಿಡ್ತು ನೋಡ್ರಿ! ತಣ್ಣಗಾತಿಲ್ಲೋ?"

ಅಂದದ್ದು ಅಂದೆ. ಈಗಲೂ ನೆನೆದರೆ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಇವರು ಟೇಬಲ್ ಬಡಿಯಲಿಲ್ಲ. ಆಸ್ಪತ್ರೆಯ ಒಂದು ಕಾಗದ ಎಳೆದುಕೊಂಡು, ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಸೊಟ್ಟಸೊಟ್ಟಗೆ ಒಂದು ಚೌಕ ಬರೆದರು. ಚೌಕದ ತಲೆಯ ಮೇಲೆ ಎರಡು ಕೊಂಬು, ಒಂದರ ಪಕ್ಕ ಅಧಿಕ ಚಿಹ್ನೆ, ಇನ್ನೊಂದರ ಪಕ್ಕ ಗೀಟು. ಬ್ಯಾಟರಿ. ಬೇಸ್‌ಮೆಂಟಿನ ಬಾಗಿಲಿನ ಕಡೆ ಬೆರಳು ತೋರಿಸಿದರು. ಕೊನೆಗೆ ಪೆನ್ಸಿಲ್ ಕೆಳಗಿಟ್ಟು ಎಡಗೈಯಿಂದ ಮೆಲ್ಲಗೆ ಟೇಬಲ್ ಬಡಿದರು. "ಆ. ಆ."

ಆಗ ತಿಳಿಯಿತು. ಖುಷಿ ಅಂದುಕೊಂಡಿದ್ದೆನಲ್ಲ, ಅದಷ್ಟೂ 'ಬೇಡ ಮಾರಾಯತಿ, ಬೇಡ' ಎಂಬ ಕೂಗು.

ಚಾರ್ಜರಿನ ಜೊತೆಗಿದ್ದ ಪುಸ್ತಕ ಹುಡುಕಿ ಓದಿದೆ. ಗಾಡಿ ಚಾಲೂ ಮಾಡುವಾಗ ಬ್ಯಾಟರಿ ಒಂದು ದೊಡ್ಡ ಗುಟುಕು ಕೊಡುತ್ತದೆ. ನಿಂತಲ್ಲೇ ಐದು ಹತ್ತು ನಿಮಿಷ ಎಂಜಿನ್ ಬಿಟ್ಟರೆ ಆ ಗುಟುಕು ತಿರುಗಿ ತುಂಬುವುದಿಲ್ಲ. ಚಳಿಯಲ್ಲಿ ಬ್ಯಾಟರಿಯ ಕಸುವು ಮೊದಲೇ ಅರ್ಧಕ್ಕಿಳಿದಿರುತ್ತದೆ. ಪೂರ್ತಿ ಖಾಲಿಯಾದರೆ ಒಳಗಿನದು ಹೆಪ್ಪುಗಟ್ಟಿ ಒಡೆದರೂ ಒಡೆಯಬಹುದು. ಪ್ರತಿ ಶುಕ್ರವಾರ ದೀಪ ಹಚ್ಚಿ ಬಂದು ನಾನು ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಲ್ಲುತ್ತಿದ್ದೆ. ಇವರು ಗೋಡೆಯ ಈಚೆ ಕೂತು ಕೇಳುತ್ತಿದ್ದರು.

ಮರುದಿನ ಮಧ್ಯಾಹ್ನ ಮಂಕಿಕ್ಯಾಪ್ ಹಾಕಿ, ಎರಡು ರಗ್ಗು ಹೊದಿಸಿ, ಇವರನ್ನು ಗಾಲಿಕುರ್ಚಿಯಲ್ಲಿ ಗರಾಜಿಗೆ ತಂದೆ. ಸೀಟು ತೆಗೆದೆ. ಕೆಂಪು ವಾಯರೊಂದು, ಕರಿ ವಾಯರೊಂದು. ಕೆಂಪು ಕೈಗೆ ಹತ್ತಿರವಿತ್ತು, ಅದಕ್ಕೇ ಪಾನ ಹಚ್ಚಲು ಹೋದೆ. ಇವರು ನನ್ನ ಮಣಿಕಟ್ಟು ಹಿಡಿದ ಹಿಡಿತ! ಬೆರಳಿನ ಗುರುತು ಎರಡು ದಿನ ಇತ್ತು. ಪಾನ ಕಸಿದುಕೊಂಡು ಅದರ ಒಂದು ತುದಿಯನ್ನು ಕೆಂಪಿನತ್ತ, ಇನ್ನೊಂದನ್ನು ಗಾಡಿಯ ಕಬ್ಬಿಣದತ್ತ ತೋರಿಸಿ, ಬೆರಳುಗಳನ್ನು ಸಿಡಿಸಿದರು. ಕಿಡಿ. ಕರಿ ವಾಯರು ಇರುವ ತನಕ ಗಾಡಿಯ ಮೈಯೆಲ್ಲ ಬ್ಯಾಟರಿಗೆ ಜೋಡಿಸಿಕೊಂಡೇ ಇರುತ್ತದೆ. ಅದನ್ನು ಮೊದಲು ಕಳಚಬೇಕು, ಆಮೇಲೆ ಕೆಂಪು. ತಿರುಗಿ ಹಾಕುವಾಗ ಕೆಂಪು ಮೊದಲು, ಕರಿ ಕೊನೆಗೆ.

ನನ್ನ ಕಡೆಯಿಂದ ಬಾಯಿಪಾಠ ಮಾಡಿಸಿದರು. ನಾನು ಗಟ್ಟಿಯಾಗಿ ಹೇಳಬೇಕು, ಅವರು ತಲೆ ಅಲ್ಲಾಡಿಸಬೇಕು.

"ಬಿಚ್ಚೂ ಮುಂದ ಕರಿ ಮೊದಲ. ಹಾಕೂ ಮುಂದ ಕರಿ ಕಡೀಕ."

"ಆ."

"ಮತ್ತೊಮ್ಮೆ ಹೇಳಲೇನ್ರಿ?"

"ಆ."

ಇವರು ಮೆಟ್ಟಿಲಿಳಿಯುವಂತಿರಲಿಲ್ಲ, ಹಾಗಾಗಿ ಬ್ಯಾಟರಿ ಬೇಸ್‌ಮೆಂಟಿನ ಬದಲು ಇವರ ಹಾಸಿಗೆಯ ಪಕ್ಕಕ್ಕೇ ಬಂತು, ಹಲಗೆಯ ಸಮೇತ. ಕೂಡಲೇ ಚಾರ್ಜಿಗೆ ಹಾಕಲು ಬಿಡಲಿಲ್ಲ. ಎಲ್ಲಾದರೂ ಉಬ್ಬಿದೆಯೋ, ಬಿರುಕು ಬಿಟ್ಟಿದೆಯೋ ಎಂದು ಬೆರಳಾಡಿಸಿ ನೋಡಿದರು. ಅದರ ಮೈ ಕೋಣೆಯಷ್ಟು ಬೆಚ್ಚಗಾಗುವ ತನಕ ಒಂದಿಡೀ ದಿನ ಗಂಟೆಗೊಮ್ಮೆ ಅಂಗೈಯಿಟ್ಟು ಪರೀಕ್ಷಿಸಿದರು. ಮಗುವಿನ ಜ್ವರ ನೋಡುವವರ ಹಾಗೆ. ಮೀಟರ್ ಹಚ್ಚಿದಾಗ ಹನ್ನೊಂದೂವರೆ ವೋಲ್ಟ್ ತೋರಿಸಿತು.

"ಹನ್ನೆರಡರಾಗ ಹನ್ನೊಂದೂವರೆ ಅಂದ್ರ ಫಸ್ಟ್ ಕ್ಲಾಸ್ ಅಲ್ಲೇನ್ರಿ?" ಅಂದೆ.

ಇವರು ಎಡಗೈಯಿಂದ ಹಣೆ ಚಚ್ಚಿಕೊಂಡರು. ಆಮೇಲೆ ಅರ್ಧ ಮುಖದಲ್ಲಿ ನಕ್ಕರು. ಮೂರು ತಿಂಗಳಲ್ಲಿ ಅದು ಮೊದಲ ನಗು. ಹನ್ನೆರಡೂವರೆಯ ಮೇಲೆ ಹೋಗದ ಬ್ಯಾಟರಿ ತುಂಬಿದ್ದಲ್ಲವೆಂದೂ, ಹನ್ನೊಂದೂವರೆ ಅಂದರೆ ಹೆಚ್ಚೂಕಡಿಮೆ ಖಾಲಿಯೆಂದೂ ನನಗೆ ಆಮೇಲೆ ಗೊತ್ತಾಯಿತು. ಚಾರ್ಜರಿನ ಹಳದಿ ದೀಪ ಮೂರನೇ ದಿನ ಬೆಳಿಗ್ಗೆ ಹಸಿರಾಗಿತ್ತು. ನಾನು ಅದಕ್ಕೂ ಕೈ ಮುಗಿದೆ.

ಆ ಚಳಿಗಾಲದ ಉಳಿದ ದಿನಗಳು ಆ ಕೋಣೆಯಲ್ಲಿ ಕಳೆದವು. ನಾನು ಕುಂಕುಮ ಇಟ್ಟ ಜಾಗದಲ್ಲಿ ಕೊಂಬಿನ ಸುತ್ತ ಬಿಳಿ ಹುಡಿ ಕಟ್ಟಿತ್ತು. ಅಡಿಗೆ ಸೋಡಾ ನೀರಲ್ಲಿ ಕಲಸಿ, ಹಳೆಯ ಬ್ರಷ್ಷಿನಿಂದ ಇವರು ಅದನ್ನು ತಿಕ್ಕಿದರು. ಬಲಗೈಯಲ್ಲಿ ಹತ್ತು ನಿಮಿಷದ ಕೆಲಸ, ಎಡಗೈಗೆ ಒಂದು ಬೆಳಗು ಹಿಡಿಯಿತು. ನಾನು ನಡುವೆ ಕೈ ಹಾಕಲು ಹೋದರೆ ಬ್ರಷ್ಷಿನಿಂದಲೇ ನನ್ನ ಕೈಗೆ ಹೊಡೆದರು. ಒರೆಸಿ ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಸವರಿದರು. ವಾಯರಿನ ತುದಿಗಳನ್ನು ತಿಕ್ಕಲು ನನ್ನನ್ನು ಗರಾಜಿಗೆ ಕಳಿಸಿದರು, ಫ್ಯೂಸಿನ ಡಬ್ಬಿ ತೆಗೆದು ಫೋಟೋ ಹೊಡೆದು ತರಲು ಇನ್ನೊಮ್ಮೆ ಕಳಿಸಿದರು. ಫೋನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದನ್ನೇ ನೋಡಿದರು. ಸಂಸಾರ ಶುರುವಾದಾಗಿನಿಂದ ಗಂಡ ಹೆಂಡತಿ ಇಷ್ಟು ಹೊತ್ತು ಒಂದೇ ಕೆಲಸಕ್ಕೆ ಕೂತದ್ದು ನನಗೆ ನೆನಪಿಲ್ಲ.

ಮಾರ್ಚಿನಲ್ಲಿ ಥೆರಪಿಯವಳು ಬಲಗೈಯ ಬಗ್ಗೆ ಏನೋ ಮೆತ್ತಗೆ ಹೇಳಲು ಬಂದಳು. ನಾನು ಕೇಳಿಸಿಕೊಳ್ಳಲಿಲ್ಲ. "ಏಪ್ರಿಲ್‌ನಲ್ಲಿ ಗಾಡಿ ಹೊಡೀತಾರೆ, ನೋಡ್ತಿರು" ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತನ್ನ ಬ್ಯಾಗಿನ ಜಿಪ್ ಹಾಕಿಕೊಂಡಳು. ಇವರು ಕಿಟಕಿಯ ಕಡೆ ನೋಡುತ್ತಿದ್ದರು.

ಯುಗಾದಿ ಆಯಿತು. ಬೇವು ಬೆಲ್ಲ ಬಾಯಿಗಿಟ್ಟೆ. ಅದಾಗಿ ಕೆಲವು ದಿನಕ್ಕೆ ಎರಡು ಹಗಲು ಬಿಡದೆ ಮಳೆ ಸುರಿದು, ರಸ್ತೆ ಬೂದಿಬಣ್ಣ ಬಿಟ್ಟು ಕಪ್ಪಗಾಯಿತು. ಮೂರನೇ ದಿನ ಬಿಸಿಲು. ಇವರ ಗಾಲಿಕುರ್ಚಿಯನ್ನು ಗಾಡಿಯ ಬಲಮಗ್ಗುಲಿಗೆ ತಂದು ನಿಲ್ಲಿಸಿದೆ. ಬ್ಯಾಟರಿ ಕೂರಿಸಿ, ಬಾಯಿಪಾಠ ಒಪ್ಪಿಸುತ್ತ, ಕೆಂಪು ಮೊದಲು ಹಾಕಿದೆ, ಕರಿ ಕೊನೆಗೆ. ಇವರು ಒಂದೊಂದಕ್ಕೂ ತಲೆ ಅಲ್ಲಾಡಿಸಿದರು. ಚಾವಿ ತಿರುಗಿಸಿ, ಒಳಗೊಳಗೇ ಮನೆದೇವರ ಹೆಸರು ಹೇಳಿ ಗುಂಡಿ ಒತ್ತಿದೆ.

ಒಂದೇ ಏಟಿಗೆ ಚಾಲೂ ಆಯಿತು.

"ಬಂತ್ರೀ! ಬಂತು!" ಎಂದು ಕಿರುಚಿದೆ. "ಹತ್ರಿ ಈಗ, ನಾ ಹಿಡೀತೀನಿ. ಬರೇ ಕೂಡ್ರಿ ಸಾಕು."

ಇವರು ನಕ್ಕರು. ಎಡಗೈಯನ್ನು ಟ್ಯಾಂಕಿನ ಮೇಲೆ, ಒಣಗಿದ ಕುಂಕುಮದ ಮೇಲೆ ಇಟ್ಟು ಸ್ವಲ್ಪ ಹೊತ್ತು ಎಂಜಿನ್ ಕೇಳಿದರು. ಆಮೇಲೆ ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಹ್ಯಾಂಡಲಿನ ಬಲಹಿಡಿಯ ಮೇಲೆ ಇಟ್ಟರು. ವೇಗ ಕೊಡುವುದೂ ಮುಂದಿನ ಬ್ರೇಕೂ ಅಲ್ಲೇ. ಕೈ ಜಾರಿ ಬಿತ್ತು. ಮತ್ತೆ ಎತ್ತಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಬಿಟ್ಟ ಕೂಡಲೇ ಬೆರಳು ಬಿಚ್ಚಿಕೊಂಡವು, ಕೈ ಮತ್ತೆ ಜಾರಿತು. ಮೂರನೇ ಸಲ ಎತ್ತಲಿಲ್ಲ.

ಚಾವಿ ತಿರುಗಿಸಿ ಗಾಡಿ ಆರಿಸಿದರು. ನನ್ನ ಮುಂದೆ ಅಂಗೈ ಚಾಚಿದರು. ಪಾನ ಕೊಟ್ಟೆ. ಏನೋ ಸಡಿಲ ಇರಬೇಕು, ಬಿಗಿ ಮಾಡುತ್ತಾರೆ ಅಂದುಕೊಂಡೆ. ಇವರು ಮುಂದಕ್ಕೆ ಬಾಗಿ, ಪಾನವನ್ನು ಕರಿ ವಾಯರಿಗೆ ಹಚ್ಚಿ, ನಿಧಾನವಾಗಿ ಸಡಿಲಿಸಿದರು. ವಾಯರನ್ನು ಎತ್ತಿ ಪಕ್ಕಕ್ಕೆ ಮಡಚಿಟ್ಟು ನನ್ನ ಕಡೆ ನೋಡಿದರು.

"ಯಾಕ್ರೀ?" ಅಂದೆ.

ಇವರು "ಆ" ಅಂದರು. ಟೇಬಲ್ ಇರಲಿಲ್ಲ, ಬಡಿತ ಇರಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ. ಇಡೀ ಚಳಿಗಾಲ ಅವರ ಮಾತನ್ನು ತಪ್ಪು ತಿಳಿದವಳು ನಾನು. ಆವತ್ತೂ ತಪ್ಪು ತಿಳಿಯಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಪಾನವನ್ನು ನನ್ನ ಕೈಗಿಟ್ಟರು. ಕೆಂಪು ವಾಯರನ್ನು ನಾನು ಬಿಚ್ಚಿದೆ.