ಮೈ ತುಂಬಿಕೊಂಡ ಮೀನು

ಹೋದ ತಿಂಗಳು ಬಸವಕಲ್ಯಾಣಕ್ಕೆ ಹೋದಾಗ ಕಾಕಿಯನ್ನು ನೋಡಿ ಬಂದೆ. ಈಗ ಅವರು ಅಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಊಟಕ್ಕೆ ಕೂಡಿಸಿ, ಅಡುಗೆಮನೆ ಕಟ್ಟೆಯ ಮೇಲಿದ್ದ ಗಾಜಿನ ಪೆಟ್ಟಿಗೆಯೊಳಗಿಂದ ಹಪ್ಪಳ ತೆಗೆದರು. ಮೂಲೆಯಲ್ಲಿ ಬಿರುಕಿಗೆ ಹಚ್ಚಿದ ಬಿಳಿ ಅಂಟು ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ಕಾಕಾರ ಮೀನಿನ ತೊಟ್ಟಿ. ಈಗ ಅದರ ತುಂಬ ಹಪ್ಪಳ, ಸಂಡಿಗೆ, ಇಂಗಿನ ವಾಸನೆ...

ಕಾಕಾ ನನಗೆ ಸಂಬಂಧಿಕರೇನಲ್ಲ. ಹುಮನಾಬಾದಿನಲ್ಲಿ ನಾನು ಶಾಲೆಯಲ್ಲಿ ಕಲಿಸುತ್ತಿದ್ದಾಗ ಪಕ್ಕದ ಮನೆಯವರು. ಬಜಾರಿನ ಒಂದು ಅಡತ್ ಅಂಗಡಿಯಲ್ಲಿ ತೊಗರಿ, ಕಡಲೆ ತೂಗುವ ಕೆಲಸ. ಮೈಯೆಂದರೆ ಒಣ ಕಟ್ಟಿಗೆ. "ಕಾಕಾ, ನೀವು ಕಾಟಾದ ಮ್ಯಾಲ ನಿಂತ್ರೂ ಮುಳ್ಳು ಅಲುಗಾಡಂಗಿಲ್ರಿ" ಎಂದು ಹಮಾಲರು ಚಾಷ್ಟಿ ಮಾಡುತ್ತಿದ್ದರು. ಕಾಕಾ ನಗುತ್ತಿದ್ದರು. ಕಾಕಿಗೆ ನಗು ಬರುತ್ತಿರಲಿಲ್ಲ, ಯಾಕೆಂದರೆ ಓಣಿಯ ಹೆಂಗಸರು ಅವರನ್ನು ಕೇಳುತ್ತಿದ್ದ ಪ್ರಶ್ನೆಯೇ ಬೇರೆ: "ಗಂಡಗ ಉಣ್ಣಾಕ ಹಾಕ್ತಿಯೋ ಇಲ್ಲೋ?" ಅತ್ತೆ ಸಾಯುವಾಗಲೂ ಅದನ್ನೇ ಅಂದು ಸತ್ತರಂತೆ. ನಗೆಮಾತೇ ಆದರೂ ವರ್ಷಗಟ್ಟಲೆ ಕೇಳಿಸಿಕೊಂಡರೆ ಎದೆಯಲ್ಲಿ ಮುಳ್ಳಾಗಿ ಕೂರುತ್ತದೆ.

ಒಂದು ವರ್ಷ ಕಾಕಾ ಮೈ ತುಂಬಿಕೊಂಡರು. ಗಲ್ಲ ಬಂದವು, ಮುಖ ದುಂಡಗಾಯಿತು. ಓಣಿಗೆ ಓಣಿಯೇ ಕಾಕಿಯ ಕೈಗುಣ ಹೊಗಳಿತು. ನಾನೂ ಹೊಗಳಿದೆ. ಕಾಕಿ ತಲೆಯೆತ್ತಿ ನಡೆಯತೊಡಗಿದರು. ಎರಡು ರೊಟ್ಟಿ ಬಡಿಯುವಲ್ಲಿ ಮೂರು ಬಡಿದರು. ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಇಲ್ಲದ ತಾಟನ್ನು ಗಂಡನ ಮುಂದೆ ಇಡುತ್ತಿರಲಿಲ್ಲ.

ಅದೇ ಚಳಿಗಾಲದಲ್ಲಿ ಕಾಕಾ ಮಾಣಿಕನಗರದ ಅಂಗಡಿಯಿಂದ ಹೊಸ ಮೀನೊಂದನ್ನು ತಂದರು. ಬೀಡಿಯಿಲ್ಲ, ಎಲೆಅಡಿಕೆಯಿಲ್ಲ, ಅವರಿಗಿದ್ದ ಚಟ ಮೀನು ಸಾಕುವುದೊಂದೇ. ಕೇಸರಿ ಬಣ್ಣದ ಮೀನು, ಹೊಟ್ಟೆ ಮಾತ್ರ ಲಿಂಬೆಹಣ್ಣು ನುಂಗಿದ ಹಾಗೆ. ತತ್ತಿ ಹಿಡಿದಿದೆ ಎಂದು ಅಂಗಡಿಯವನು ಹೇಳಿದ್ದನಂತೆ. "ಚಲೋ ಉಂಡಿದ್ದ ಮೀನ ಅದ" ಎಂದು ಕಾಕಿಗೆ ಖುಷಿ. ಕಾಕಾರಿಗೆ ಮಾತ್ರ ಅನುಮಾನ. ರೋಗವಿದ್ದರೆ ಉಳಿದ ಮೀನುಗಳಿಗೂ ಹತ್ತೀತೆಂದು ಅದನ್ನು ಬೇರೆ ಬಕೆಟಿನಲ್ಲಿಟ್ಟು ದಿನಾ ನೋಡುತ್ತಿದ್ದರು.

ಒಂದು ರವಿವಾರ ಮುಂಜಾನೆ ನನ್ನನ್ನು ಕರೆದರು. "ಅಕ್ಕೋರ, ಇಲ್ಲಿ ಬರ್ರಿ. ಮ್ಯಾಲಿಂದ ಬಗ್ಗಿ ನೋಡ್ರಿ."

ಬಗ್ಗಿದೆ. ಮೀನಿನ ಮೈಮೇಲಿನ ಹುರುಪೆಗಳೆಲ್ಲ ಸೀತಾಫಲದ ಸಿಪ್ಪೆಯ ಹಾಗೆ ಎದ್ದು ನಿಂತಿದ್ದವು.

"ತತ್ತಿ ಇದ್ರ ಹೊಟ್ಟಿ ಅಷ್ಟ ಉಬ್ಬತದ, ಹುರುಪಿ ಹಿಂಗ ಏಳಂಗಿಲ್ಲ. ಇದು ಮೈ ಹಿಡದದ್ದಲ್ರಿ. ಒಳಗ ನೀರು ತುಂಬ್ಯಾದ."

ಕಾಕಾ ಮೆಟ್ಟಿಲ ಮೇಲೆ ಕುಳಿತು, ಪೈಜಾಮ ಸರಿಸಿ, ತಮ್ಮ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು, ನಾದಿದ ಹಿಟ್ಟಿನಲ್ಲಿ ಉಳಿಯುವಂತೆ... ಇಬ್ಬರೂ ಅದನ್ನೇ ನೋಡಿದೆವು. ಒಳಗೆ ಕಾಕಿ ಯಾರಿಗೋ ಹೇಳುತ್ತಿದ್ದರು: "ಈಗ ಮೂರು ರೊಟ್ಟಿ ಉಣ್ಣಾಕತ್ಯಾರ್ರಿ. ಮೊದಲಿನಂಗ ಇಲ್ಲ."

"ದವಾಖಾನಿಗೆ ಹೋಗ್ರಿ ಕಾಕಾ," ಅಂದೆ.

"ಹೋಗ್ತೇನ್ರಿ. ಆಕಿಗೆ ಮಾತ್ರ ಹೇಳಬ್ಯಾಡ್ರಿ. ಇಷ್ಟು ವರ್ಷದ ಮ್ಯಾಲ ಮಂದಿ ಆಕಿಗೆ ಚಲೋ ಅನ್ನಾಕತ್ಯಾರ."

ನನಗೆ ಸಿಟ್ಟು ಬಂತು. ಮಂದಿಯ ಬಾಯಿಗೆ ಜೀವ ಕೊಡುತ್ತೀರಾ ಎಂದು ಬೈದೆ. ಮಂದಿಯ ಮೇಲೂ ಅಷ್ಟೇ ಸಿಟ್ಟಿತ್ತು. ಕಾಕಾ ಒಬ್ಬರೇ ಬೀದರಿಗೆ ಹೋಗಿ ಬಂದರು. ಕಿಡ್ನಿ ಕೆಟ್ಟಿದೆ, ತಡಮಾಡಿದಿರಿ, ಉಪ್ಪು ಬಿಡಿ ಅಂದರಂತೆ ಡಾಕ್ಟರು. ತಂದ ಗುಳಿಗೆಗಳನ್ನು ಮನೆಯಲ್ಲಿ ಶಕ್ತಿಯ ಗುಳಿಗೆ ಎಂದರು. ಉಪ್ಪು ಬಿಡಲಿಲ್ಲ. ಬಿಟ್ಟಿದ್ದರೆ ಕಾಕಿ ಯಾಕೆಂದು ಕೇಳುತ್ತಿದ್ದರು. ತಾಟಿಗೆ ಬಿದ್ದದ್ದನ್ನೆಲ್ಲ ಉಂಡರು, ಮೇಲೊಂದು ಹಪ್ಪಳ ಕೇಳಿ ಉಂಡರು. ನಡುವಿದ್ದ ಗೋಡೆ ತೆಳುವಾಗಿತ್ತು; ಹಪ್ಪಳ ಮುರಿಯುವ ಸದ್ದು ನನಗೆ ಕೇಳುತ್ತಿತ್ತು.

ತಡೆಯಲಾರದೆ ಒಮ್ಮೆ ಹೇಳಿಬಿಡಲೆಂದೇ ಹೋದೆ. ಕಾಕಿ ನನ್ನ ಕೈಗೂ ಎರಡು ಹಪ್ಪಳ ಇಟ್ಟು, "ನೀವೂ ಸ್ವಲ್ಪ ಮೈ ಹಿಡೀರಿ ಅಕ್ಕೋರ" ಎಂದು ಬಾಯಿ ತುಂಬ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲೇ ಇಲ್ಲ. ಬಾಗಿಲಲ್ಲಿ ಕಾಕಾ ನನ್ನನ್ನೇ ನೋಡುತ್ತ ನಿಂತಿದ್ದರು. ತಿರುಗಿ ಬಂದೆ.

ಮೀನು ಬಕೆಟಿನಲ್ಲೇ ಸತ್ತಿತು. ಕಾಕಾ ಬೇಸಿಗೆ ದಾಟಲಿಲ್ಲ. ಕಿಡ್ನಿಯ ಮಾತು ಕೊನೆಗೆ ಕಾಕಿಗೂ ಗೊತ್ತಾಯಿತು, ಆದರೆ ಅದು ಒಮ್ಮೆಲೇ ಬಂದ ಬೇನೆ ಎಂದುಕೊಂಡರು. ಆ ದುಂಡಗಿನ ಮುಖವೇ ಬೇನೆಯಾಗಿತ್ತೆಂದು ಅವರಿಗೆ ಯಾರೂ ಹೇಳಲಿಲ್ಲ.

ಕಾಕಾರ ಆ ಒಣಕಲು ನಗೆಮುಖ ನನಗೆ ಇಂದಿಗೂ ಬೇಕೆನಿಸುತ್ತದೆ. ಕಾಕಿಗೆ ನೆನಪಿರುವುದು ತುಂಬಿದ ಮುಖ ಮಾತ್ರ. ಹೋದ ತಿಂಗಳು, ಸುಟ್ಟ ಹಪ್ಪಳವನ್ನು ನನ್ನ ತಾಟಿಗೆ ಹಾಕುತ್ತ ಅಂದರು: "ಹೋಗೋ ವರ್ಷದಾಗರ ಮೈ ತುಂಬಿತ್ರಿ ಅವರಿಗೆ. ನೀವ ನೋಡೀರಲ್ಲ. ಉಪಾಸ ಕಳಸಲಿಲ್ರಿ ನಾ."

"ಹೌದ್ರಿ ಕಾಕಿ," ಅಂದೆ.

ಹಪ್ಪಳ ಮುರಿದು ಬಾಯಿಗಿಟ್ಟೆ. ಉಪ್ಪು ಹದವಾಗಿತ್ತು.