ಶ್ರೀನಿವಾಸಪುರದಲ್ಲಿ ಕಿತ್ತ ಆರು ಹಲ್ಲು

ಕಂಡವರ ಹಲ್ಲು ಕೆರೆದು ಕ್ಲೀನ್ ಮಾಡುವುದೂ ಒಂದು ಉದ್ಯೋಗವೇ ಎಂದು ಜನ ನಗುತ್ತಿದ್ದರು. ನಗಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಕೋಲಾರದ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಆ ಕೆಲಸಕ್ಕೆ ಸೇರಿದೆ. ಆಗ ನನಗೆ ಇಪ್ಪತ್ತೆರಡು ವರ್ಷ, ಗಂಡ ಕೋರ್ಟಿನಲ್ಲಿ ಗುಮಾಸ್ತರು. ಪರಗಂಡಸು ಬಾಯೊಳಗೆ ಕೈ ಹಾಕುತ್ತಾನೆಂದು ಹೆಂಗಸರು ಡಾಕ್ಟರ ಕುರ್ಚಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಹಾಗಾಗಿ ಡಾಕ್ಟರಿಗೆ ಓದುಬರಹ ಬಲ್ಲ ಒಬ್ಬ ಹೆಂಗಸು ಬೇಕಾಗಿತ್ತು.

ಮನೆಯಲ್ಲಿ ನಮ್ಮತ್ತೆಯ ರಾದ್ಧಾಂತ ಬೇರೆ. "ಊರೋರ ಎಂಜಲು ಮುಟ್ಕೊಂಡು ಬಂದಿದ್ದೀಯ. ತಲೆಗೆ ನೀರು ಹಾಕ್ಕೊಳ್ದೆ ಒಲೆ ಹತ್ರ ಬಂದ್ರೆ ನೋಡು ಮತ್ತೆ!" ಕೊರೆಯುವ ಚಳಿಯಲ್ಲೂ ದಿನಾ ಸಂಜೆ ತಲೆಸ್ನಾನ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಕೆಯ ಹಲ್ಲುನೋವಿಗೆ ಲವಂಗದೆಣ್ಣೆ ಹಚ್ಚಬೇಕಾದಾಗ ಮಾತ್ರ ಅದೇ ಎಂಜಲು ಕೈ ಬೇಕಾಗುತ್ತಿತ್ತು.

ಡಾಕ್ಟರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾಲ್ಕು ಬೈಗುಳ ಬೈದು ಮರೆತುಬಿಡಬಹುದಿತ್ತು. ಮೊದಲ ವರ್ಷ ಅವರೇ ಪಕ್ಕದಲ್ಲಿ ನಿಂತು ನನಗೆ ಎಲ್ಲವನ್ನೂ ಕಲಿಸಿದರು. ಕೆರೆಯುವ ಕೊಕ್ಕೆಗಳನ್ನು ಒಬ್ಬರಾದ ಮೇಲೊಬ್ಬರಿಗೆ ಕುದಿಸಲೇಬೇಕು. ಒಸಡಿನಲ್ಲಿ ರಕ್ತ ಬಂದರೆ ಹೆದರಬಾರದು, ಹೆದರಿಸಲೂಬಾರದು. ಉಳಿಯುವ ಹಲ್ಲನ್ನು ಕೀಳುವವನು ಡಾಕ್ಟರಲ್ಲ, ಕಟುಕ. ಇದು ಅವರ ಬಾಯಿಂದಲೇ ಬಂದ ಮಾತು. ನಾನು ಅದನ್ನು ವೇದವಾಕ್ಯದಂತೆ ನಂಬಿದೆ.

ಆಮೇಲೆ ಶುರುವಾಯಿತು ಸಂತೆ ದಿನಗಳ ಓಡಾಟ. ಒಂದು ದಿನ ಮಾಲೂರು, ಒಂದು ದಿನ ಮುಳಬಾಗಿಲು, ಒಂದು ದಿನ ಶ್ರೀನಿವಾಸಪುರ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಏರು ಬಂದರೆ ನಿಂತೇಬಿಡುತ್ತಿತ್ತು, ಇಳಿದು ತಳ್ಳಬೇಕು. ಹೋಗಿ ಸೇರುವಷ್ಟರಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಜಗಲಿಯ ತುಂಬ ಕೆನ್ನೆ ಊದಿಸಿಕೊಂಡ ಜನ. ನಾಲ್ಕು ಗಂಟೆಗೆ ವಾಪಸು ಬಸ್ಸು. ಒಂದು ಬಾಯಿ ಸರಿಯಾಗಿ ಕ್ಲೀನ್ ಮಾಡಲು ನನಗೆ ಒಂದು ಗಂಟೆ ಬೇಕು, ಅದೂ ಎರಡು ಮೂರು ಸಲ ಬರಬೇಕು. ಇಕ್ಕಳದಲ್ಲಿ ಹಲ್ಲು ಕೀಳಲು ಡಾಕ್ಟರಿಗೆ ಐದು ನಿಮಿಷ ಸಾಕು.

ಜನವೂ ಕೀಳಿಸಿಕೊಳ್ಳಲೆಂದೇ ಬರುತ್ತಿದ್ದರು. ಎಲೆಅಡಿಕೆಯ ಸುಣ್ಣ, ಹೊಗೆಸೊಪ್ಪು ಎಲ್ಲ ಸೇರಿ ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕಟ್ಟುತ್ತದಲ್ಲ, ಅದನ್ನು ನಮ್ಮ ಕಡೆಯವರು ಗಾರೆ ಎನ್ನುತ್ತಿದ್ದರು. ಹೆಸರಿಗೆ ತಕ್ಕಂತೆ ನಂಬಿಕೆ: ಗೋಡೆಯ ಕಲ್ಲನ್ನು ಗಾರೆ ಹಿಡಿದಿರುವಂತೆ ಹಲ್ಲನ್ನು ಇದೇ ಹಿಡಿದಿರುವುದು, ಕೆರೆದರೆ ಉದುರುತ್ತದೆ! ಮುಳಬಾಗಿಲಿನಲ್ಲಿ ಒಬ್ಬ ಅಜ್ಜ ಕ್ಲೀನ್ ಮಾಡಿಸಿಕೊಂಡು ಹೋದವನು ಮುಂದಿನ ಸಂತೆಗೆ ದೊಣ್ಣೆ ಊರಿಕೊಂಡು ಜಗಳಕ್ಕೇ ಬಂದ. "ಏನಮ್ಮಾ, ನಮ್ಮಪ್ಪನ ಕಾಲ್ದಿಂದ ಗಟ್ಟಿಯಾಗಿದ್ದ ಬಾಯಿ. ನೀನು ಕೆರ್ದಿದ್ದೇ ಕೆರ್ದಿದ್ದು, ಗಾಳಿ ಹೋದಂಗಾಗ್ತೈತೆ. ನನ್ ಗಾರೆ ನಂಗೆ ವಾಪಸ್ ಅಂಟ್ಸು!" ಒಸಡು ಕಚ್ಚಿಕೊಳ್ಳಲು ಎರಡು ಮೂರು ವಾರ ಬೇಕು ತಾತ, ಉಪ್ಪುನೀರು ಮುಕ್ಕಳಿಸು ಎಂದು ಗಂಟಲು ಹರಿದುಕೊಂಡರೂ ಅವನು ಕೇಳಬೇಕಲ್ಲ. ನಗುವುದೋ ಅಳುವುದೋ. ಡಾಕ್ಟರು ಒಳಗಿನಿಂದ "ನೋಡಿದಿರಾ? ಇಂಥವರಿಗೆ ನಾನು ಪಾಠ ಹೇಳಲಾ?" ಎಂದರು. ಅಲ್ಲಿಂದಾಚೆ ಅವರು ಕ್ಲೀನ್ ಮಾಡಲು ನನ್ನ ಹತ್ತಿರ ಕಳಿಸುತ್ತಿದ್ದುದೇ ಕಡಿಮೆಯಾಯಿತು. ಹಲ್ಲು ಕೀಳುವಾಗ ತಲೆ ಅಲುಗದಂತೆ ಹಿಡಿಯುವುದೇ ನನ್ನ ಕೆಲಸವಾಯಿತು.

ಹಾಗಿರುವಾಗ ಶ್ರೀನಿವಾಸಪುರದ ಜಗಲಿಗೆ ದೂರದ ತೆಲುಗು ಗಡಿಯ ರಾಯಲ್ಪಾಡಿನ ಕಡೆಯ ಒಬ್ಬ ಹೆಣ್ಣುಮಗಳು ತನ್ನ ಅತ್ತೆಯ ಜೊತೆ ಬಂದಳು. ನನ್ನ ವಯಸ್ಸೇ. ಬಾಣಂತನ ಮುಗಿಸಿ ಎದ್ದು ಎರಡು ತಿಂಗಳಾಗಿತ್ತಂತೆ. ಬಸುರಿಯಾಗಿದ್ದಾಗಿನಿಂದಲೂ ಒಸಡು ಊದಿ, ಮುಟ್ಟಿದರೆ ರಕ್ತ. ಕೆಳಗಿನ ಮುಂದಿನ ಆರು ಹಲ್ಲು ಸ್ವಲ್ಪ ಸ್ವಲ್ಪ ಅಲ್ಲಾಡುತ್ತಿದ್ದವು. ನಾನು ಬಾಯಿ ನೋಡಿದೆ. ಬರೀ ಗಾರೆ. ಒಂದೇ ಒಂದು ಹುಳುಕಿಲ್ಲ. ಇಂಥ ಬಾಯಿಗಳನ್ನು ನಾನೇ ಸರಿಮಾಡಿದ್ದೆ, ಆ ಹಲ್ಲುಗಳು ಗಟ್ಟಿಯಾಗಿದ್ದನ್ನೂ ಬೆರಳಿಟ್ಟು ನೋಡಿದ್ದೆ.

ಡಾಕ್ಟರ ಕಿವಿಯ ಹತ್ತಿರ ಹೋಗಿ, "ಸಾರ್, ಕ್ಲೀನ್ ಮಾಡಿದ್ರೆ ಉಳಿಯುತ್ತಲ್ವಾ?" ಎಂದೆ.

"ರಾಯಲ್ಪಾಡಿಂದ ಮೂರು ಸಲ ಬರ್ತಾಳಾ ಇವಳು? ಹೊರಗೆ ಎಷ್ಟು ಜನ ಕೂತಿದ್ದಾರೆ ನೋಡಿದೀರಾ? ತಲೆ ಹಿಡ್ಕೊಳ್ಳಿ."

ಅವಳ ಅತ್ತೆ ಅತ್ತಲಿಂದ, "ಕಿತ್ತಾಕ್ಬುಡಿ ಸಾಮಿ, ಈ ರಾಮಾಯಣ ಸಾಕಾಗೋಯ್ತು" ಎಂದಳು.

ಆ ಹೆಣ್ಣುಮಗಳು ಮಾತ್ರ ಡಾಕ್ಟರನ್ನೂ ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ಕತ್ತೆತ್ತಿ ನನ್ನನ್ನೇ ಕೇಳಿದಳು. "ಅಕ್ಕಾ, ಉಳಿಯಾಕಿಲ್ವಾ?"

ಅವಳು ಕೇಳಿದ್ದು ನನ್ನನ್ನು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಿದ್ದೇನು ಗೊತ್ತೇ? "ಡಾಕ್ಟ್ರು ಹೇಳಿದ್ಮೇಲೆ ಮುಗೀತಲ್ಲಮ್ಮಾ." ಥೂ ನನ್ನ ಜನ್ಮಕ್ಕೆ! ಅಷ್ಟು ಹೇಳಿ ಅವಳ ತಲೆಯನ್ನು ನನ್ನ ಎದೆಗೆ ಒತ್ತಿ ಹಿಡಿದೆ, ಹಣೆ ನೇವರಿಸಿದೆ, "ಆಯ್ತು, ಆಯ್ತು, ಇನ್ನೊಂದೇ" ಎಂದು ಸಮಾಧಾನ ಮಾಡಿದೆ. ಆರೂ ಹೋದವು. ಕಟ್ಟುಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಕೋಲಾರಕ್ಕೆ ಬಾ ಎಂದರು ಡಾಕ್ಟರು. ಅವಳು ಬರಲಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದರೆ, "ನಿನ್ನ ಕೆಲಸ ನೀನು ಮಾಡಿದ್ದೀಯ, ಜವಾಬ್ದಾರಿ ಅವರದು" ಎಂದು ಕೋರ್ಟಿನವರ ಹಾಗೆ ತೀರ್ಪು ಕೊಟ್ಟರು. ನನಗೂ ಆ ಮಾತು ಹಿತವಾಗೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಹಿತ ಎರಡು ದಿನವೂ ನಿಲ್ಲಲಿಲ್ಲ. ಯಾರೇ ಬಾಯಿ ತೆರೆದರೂ ಸಿಟ್ಟು. ಜನರ ಮೇಲೆ, ಡಾಕ್ಟರ ಮೇಲೆ, ಬಸ್ಸಿನ ಮೇಲೆ. ನನ್ನ ಮೇಲಿನ ಸಿಟ್ಟನ್ನು ಎಲ್ಲರಿಗೂ ಹಂಚಿಕೊಂಡು ಓಡಾಡುತ್ತಿದ್ದೆ.

ಮಾರನೆಯ ವರ್ಷ ಮಾವಿನ ಕಾಲದಲ್ಲಿ, ಶ್ರೀನಿವಾಸಪುರದ ಅದೇ ಜಗಲಿಗೆ ಅವಳು ಮತ್ತೆ ಬಂದಳು. ಕೆಳತುಟಿ ಒಳಗೆ ಹೋಗಿ, ಮುಖವೇ ಮುದುಕಿಯ ಮುಖವಾಗಿತ್ತು. ಮಾತಾಡುವಾಗ ಎಂಜಲು ಹಾರದಂತೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಜೊತೆಯಲ್ಲಿ ಬಸುರಿ ತಂಗಿ.

"ನಮ್ ಚೆಲ್ಲೆಲು ಅಕ್ಕಾ. ಇವ್ಳಿಗೂ ನನ್ನಂಗೇ ಆಗೈತೆ. ಬೇರೆ ಕಡೆ ಬ್ಯಾಡ, ಆಯಮ್ಮ ಎಂಗ್ ಇಡ್ಕೊಂತಾರೆ ಗೊತ್ತಾ, ನೋವೇ ಆಗಾಕಿಲ್ಲ ಅಂತ ಏಳಿ ಕರ್ಕೊಂಡ್ ಬಂದೆ."

ಅವಳು ನನ್ನನ್ನು ಹೊಗಳುತ್ತಿದ್ದಳು! ತಂಗಿಯ ಬಾಯಿ ನೋಡಿದೆ. ಅದೇ ಗಾರೆ, ಅದೇ ಊದಿದ ಒಸಡು, ಅದೇ ಹುಳುಕಿಲ್ಲದ ಹಲ್ಲು. ತಂಗಿಯದನ್ನು ಉಳಿಸಬೇಕಾದರೆ ಅಕ್ಕನ ಮುಂದೆ ನಿಜ ಹೇಳಬೇಕು. ಬೇರೆ ದಾರಿ ಇರಲಿಲ್ಲ.

"ಇವಳ ಹಲ್ಲು ಕೀಳೋದು ಬೇಡ ಕಣಮ್ಮ. ಕ್ಲೀನ್ ಮಾಡಿದ್ರೆ ನಿಲ್ಲುತ್ತೆ."

"ಅಂಗಾದ್ರೆ ನನ್ದು?"

"ನಿಂದೂ ನಿಲ್ತಿತ್ತು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಗಂಟಿಕ್ಕಿತು. ತಂಗಿಯ ಕೈ ಹಿಡಿದು ದಡದಡನೆ ಒಳಗೆ ಹೋಗಿ ಡಾಕ್ಟರನ್ನೇ ಕೇಳಿದಳು. "ಸಾಮೀ, ಈಯಮ್ಮ ಏಳೋದು ನಿಜಾನಾ?"

ಡಾಕ್ಟರು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. "ಅವರಿಗೇನು ಗೊತ್ತು? ಅವರು ಡಾಕ್ಟರಾ?" ಎಂದರು. ತಂಗಿಯನ್ನು ಕುರ್ಚಿಗೆ ಕೂರಿಸಿದರು, ಮರಗಟ್ಟಿಸುವ ಸೂಜಿ ಚುಚ್ಚಿದರು. ನನ್ನನ್ನು ಕರೆದರು. ನಾನು ಹೋಗಲಿಲ್ಲ. ಎರಡನೆಯ ಸಲ ಜೋರಾಗಿ ಕರೆದರು. ನಾನು ಜಗಲಿಯ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತೆ.

ಹಿಂದೆಯೇ ಅವಳು ಓಡಿಬಂದಳು. ನನ್ನ ಎರಡೂ ಕೈ ಹಿಡಿದುಕೊಂಡಳು. "ಸುಳ್ಳು ಏಳ್ದೆ ಅಂತ ಏಳ್ಬುಡಿ ಅಕ್ಕಾ. ಸಿಟ್ಟಿಗೆ ಏಳ್ದೆ ಅಂತ ಒಂದ್ ಮಾತು ಏಳಿ ಸಾಕು, ನಾನೇನೂ ಅನ್ನಾಕಿಲ್ಲ."

ಒಂದು ಮಾತು. ಹೇಳಿದರೆ ಅವಳು ಸಮಾಧಾನವಾಗಿ ಬದುಕುತ್ತಿದ್ದಳು, ಒಳಗೆ ತಂಗಿಯ ಹಲ್ಲು ಒಂದೊಂದಾಗಿ ಕಿತ್ತು ಬರುತ್ತಿದ್ದವು.

"ನಿಜ ಕಣಮ್ಮ," ಎಂದೆ. "ಆವತ್ತೂ ನಂಗೆ ಗೊತ್ತಿತ್ತು. ನೀನು ಕೇಳಿದೆ. ನಾನು ಹೇಳಲಿಲ್ಲ."

ಅವಳು ನನ್ನ ಕೈ ಬಿಟ್ಟಳು. ಕೆನ್ನೆಗೆ ಹೊಡೆಯುತ್ತಾಳೆಂದುಕೊಂಡೆ, ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಒಳಗೆ ಹೋಗಿ, ತುಟಿ ಮರಗಟ್ಟಿ ಜೊಲ್ಲು ಸುರಿಸುತ್ತಿದ್ದ ತಂಗಿಯನ್ನು ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದಳು. ಒಂದು ಹಲ್ಲೂ ಹೋಗಿರಲಿಲ್ಲ. ನನ್ನ ಮುಂದೆ ನಿಂತು, "ಬರೋ ಸಂತೆಗೆ ಕರ್ಕೊಂಡ್ ಬತ್ತೀನಿ. ಅದೆಂಗ್ ಕ್ಲೀನ್ ಮಾಡ್ತೀರೋ ನಾನೂ ನೋಡ್ಬೇಕು" ಎಂದಳು.

ಡಾಕ್ಟರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಹೆಂಗಸರು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮುಂದಿನ ಸಂತೆಗೆ ಅಕ್ಕತಂಗಿ ಬಂದಾಗ ಅವರು ಕುರ್ಚಿ ನನಗೆ ಬಿಟ್ಟು ಊಟಕ್ಕೆ ಎದ್ದುಹೋದರು.

ನಾನು ಕೊಕ್ಕೆಗಳನ್ನು ಕುದಿಸಿ ಕೆಲಸ ಶುರುಮಾಡಿದೆ. ಬುಡದಿಂದ ಚಕ್ಕೆ ಚಕ್ಕೆಯಾಗಿ ಗಾರೆ ಎದ್ದು ಬರುತ್ತಿತ್ತು, ಕೆಳಗೆ ಬಿಳಿ ಹಲ್ಲು ಕಾಣುತ್ತಿತ್ತು. ಅಕ್ಕ ಮೊಣಕಾಲೂರಿ ಕುರ್ಚಿಯ ಪಕ್ಕದಲ್ಲೇ ಕೂತಿದ್ದಳು, ಸೆರಗು ಬಾಯಿಗೆ ಅಡ್ಡ ಇರಲಿಲ್ಲ. ತಂಗಿಯ ಒಂದೊಂದು ಹಲ್ಲು ಹೊರಗೆ ಕಂಡಾಗಲೂ ಅವಳು ತನ್ನ ಖಾಲಿ ಒಸಡಿನ ಮೇಲೆ ಅದೇ ಹಲ್ಲಿನ ಜಾಗಕ್ಕೆ ಬೆರಳಿಟ್ಟು ನೋಡಿಕೊಳ್ಳುತ್ತಿದ್ದಳು.